ಮುರಿಯಬೇಕಾದದ್ದು ಮುರಿಯಲಿಲ್ಲ: ಒಂದು ಹಳೇ ಬೋಟ್ ಮೋಟಾರಿನ ಗೇರ್ ಕೇಸ್ ರಿಪೇರಿ

ನನ್ನದು ಹುಲಿಗಿ ಕಡೆಯ ರಸ್ತೆಯಲ್ಲಿ ಪಂಪ್‌ಸೆಟ್, ಡೀಸೆಲ್ ಇಂಜಿನ್ ರಿಪೇರಿ ಅಂಗಡಿ. ಭತ್ತದ ಸೀಸನ್ನಿನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಉಳಿದ ದಿನ ಬಂದ ಕೆಲಸ ಬಂದಂಗೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಹತ್ತಿರ ಇರುವುದರಿಂದ ವರ್ಷಕ್ಕೆ ಮೂರೋ ನಾಲ್ಕೋ ಬೋಟ್ ಮೋಟಾರು ಕೂಡ ಬರುತ್ತವೆ. ಜಾಸ್ತಿ ಪ್ಲಗ್ ಮತ್ತು ಕಾರ್ಬೊರೇಟರ್ ಕೆಲಸ. ಗೇರ್ ಕೇಸ್ ಪೂರ್ತಿ ಬಿಚ್ಚಿ ಕಟ್ಟಿದ್ದು ಅಪರೂಪ. ಈಗ ಹೇಳುತ್ತಿರುವ ಕೇಸಿನಲ್ಲಿ ನಾನೂ ಎರಡು ತಪ್ಪು ಮಾಡಿದೆ. ಅದನ್ನೂ ಬರೆದಿದ್ದೇನೆ.

ಏಪ್ರಿಲ್ ಕೊನೆಯ ವಾರ, ಸುಡುವ ಮಧ್ಯಾಹ್ನ. ಟಂಟಂನಲ್ಲಿ ಗೋಣಿಚೀಲ ಸುತ್ತಿದ ಮೋಟಾರು ಬಂತು. ಜೊತೆಗೆ ಕಾಕಾ, ಅವರ ತಮ್ಮನ ಮಗ. ಕಾಕಾ ಹಿನ್ನೀರಿನಲ್ಲಿ ಮೀನು ಹಿಡಿಯುವ ಮನೆತನದವರು. ಈಗ ತಾವು ಬಲೆ ಬೀಸುವುದು ಕಡಿಮೆ. ಫೈಬರ್ ಬೋಟಿನಲ್ಲಿ ಐಸ್ ಡಬ್ಬ ಇಟ್ಟುಕೊಂಡು ಬೆಳಗಿನ ಜಾವ ಹೊರಡುತ್ತಾರೆ. ತೆಪ್ಪದವರು ರಾತ್ರಿ ಬಿಟ್ಟ ಬಲೆಯಿಂದ ಕಟ್ಲಾ, ರೋಹು ಬಿಡಿಸಿ ಕೊಡುತ್ತಾರೆ. ಇವರು ಅದನ್ನು ದಂಡೆಗೆ ತರುತ್ತಾರೆ. ಮೋಟಾರು ನಿಂತರೆ ಇವರೊಬ್ಬರದ್ದಲ್ಲ, ಹತ್ತಾರು ತೆಪ್ಪದವರ ಮೀನು ಹಾಳಾಗುತ್ತದೆ.

"ಕಾಲಿಗೆ ಪೆಟ್ಟಾಗೈತಿ ನೋಡಪಾ ಮೇಸ್ತ್ರಿ. ಮುಂದಕ್ಕ ಹಾಕಿದ್ರ ಕರ್ ಕರ್ ಅಂತೈತಿ. ಹಿಂದಕ್ಕ ಹಾಕಿದ್ರ ಸುಮ್ನಿರ್ತೈತಿ."

ಅವರು ಕಾಲು ಅನ್ನುವುದು ಮೋಟಾರಿನ ಕೆಳಭಾಗಕ್ಕೆ. ಔಟ್‌ಬೋರ್ಡ್ ಮೋಟಾರನ್ನು ಬೋಟಿನ ಹಿಂದಿನ ಹಲಗೆಗೆ ಹೊರಗಿನಿಂದ ಕಚ್ಚಿಸುತ್ತಾರೆ. ಮೇಲೆ ಇಂಜಿನ್ನು, ನಡುವೆ ಉದ್ದನೆ ಕಾಲು, ತುದಿಯಲ್ಲಿ ನೀರೊಳಗೆ ಮುಳುಗಿರುವ ಗೇರ್ ಕೇಸು. ಇಂಜಿನ್ನಿನಿಂದ ನೆಟ್ಟಗೆ ಇಳಿದ ಶಾಫ್ಟಿನ ಸುತ್ತು ಅಲ್ಲಿ ಅಡ್ಡಕ್ಕೆ ತಿರುಗಿ ನೀರು ತಳ್ಳುವ ಪಂಕಕ್ಕೆ (ಪ್ರೊಪೆಲ್ಲರ್) ಹೋಗಬೇಕು. ಮೂರು ಗೇರು ಇರುತ್ತವೆ: ಮೇಲಿನಿಂದ ಬರುವ ಪಿನಿಯನ್, ಅದಕ್ಕೆ ಎದುರುಬದುರಾಗಿ ಮುಂದಿನ ಗೇರು, ಹಿಂದಿನ ಗೇರು. ಎರಡರ ನಡುವೆ ಓಡಾಡುವ ಕ್ಲಚ್ಚು ಯಾವುದನ್ನು ಹಿಡಿಯುತ್ತದೋ ಬೋಟು ಆ ಕಡೆ ಹೋಗುತ್ತದೆ. ಇಷ್ಟೂ ಒಂದು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಅಲ್ಯುಮಿನಿಯಂ ಚಿಪ್ಪಿನೊಳಗೆ, ಕಾಲು ಲೀಟರ್ ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡಬೇಕು. ಹೊರಗೆಲ್ಲ ನೀರು, ಒಳಗೆ ಆಯಿಲ್. ನಡುವೆ ನಾಲ್ಕು ರಬ್ಬರ್ ಸೀಲು, ಅಷ್ಟೇ.

ಮೋಟಾರು ಜಪಾನಿನದು. 15 ಎಚ್‌ಪಿ, ಎರಡು ಸಿಲಿಂಡರ್, ಎರಡು ಸ್ಟ್ರೋಕ್. ಹತ್ತಿರ ಇಪ್ಪತ್ತು ವರ್ಷದ ಹಳೇ ಮಾಲು. ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅಂದರೆ ಉಪ್ಪುನೀರು ಕುಡಿದು ಬಂದ ಮೋಟಾರು.

ಎಲ್ಲಿ ಬಡಿಸಿದ್ರಿ ಅಂತ ಕೇಳಿದೆ. ಕಾಕಾ ನಕ್ಕರು. "ನಮ್ಮ ಅಜ್ಜನ ಊರಿನ ಗ್ವಾಡಿಗೇ ಬಡದ್ನೆಪಾ."

ತಮಾಷೆಯ ಮಾತಲ್ಲ ಅದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ತೊಂಬತ್ತರಷ್ಟು ಹಳ್ಳಿ ನೀರಿಗೆ ಹೋದವು. ಜಲಾಶಯ 1633 ಅಡಿ ತುಂಬಿದಾಗ ಎಲ್ಲಿ ಓಡಿಸಿದರೂ ಚಿಂತೆಯಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗಲೇ ಕಷ್ಟ. ಹಳೇ ಮನೆಯ ಗೋಡೆ, ಕಟ್ಟೆ, ಬಾವಿಯ ಸುತ್ತಿನ ಕಲ್ಲು, ಮರದ ಬೊಡ್ಡೆ, ಎಲ್ಲಾ ಒಂದು ಮೊಳ ನೀರಿನ ಕೆಳಗೆ ಕಾಣದ ಹಾಗೆ ಕೂತಿರುತ್ತವೆ. ನೀರು ಬೇರೆ ಕೆಂಪು. ಕಾಕಾಗೆ ಆ ಗೋಡೆ ಎಲ್ಲಿದೆ ಅಂತ ಗೊತ್ತು. ಹುಡುಗನಿಗೆ ಗೊತ್ತಿರಲಿಲ್ಲ. ಅವತ್ತು ಹ್ಯಾಂಡಲ್ ಹಿಡಿದಿದ್ದು ಹುಡುಗ ಅಂತ ಆಮೇಲೆ ಗೊತ್ತಾಯಿತು. ಬೈಯಬಾರದು ಅಂತ ಕಾಕಾ ತಮ್ಮ ಮೇಲೆ ಹಾಕಿಕೊಂಡಿದ್ದರು.

ಹೊರಗಿನಿಂದ ಕಂಡದ್ದು

ಪಂಕದ ಕೆಳಗೆ, ಮೀನಿನ ಹೊಟ್ಟೆಯ ರೆಕ್ಕೆ ಥರ ಒಂದು ಅಲಗು ಚಾಚಿರುತ್ತದೆ. ಸ್ಕೆಗ್ ಅಂತಾರೆ. ಕಲ್ಲು ಸಿಕ್ಕರೆ ಪಂಕಕ್ಕಿಂತ ಮೊದಲು ಅದಕ್ಕೆ ತಾಗಲಿ ಅಂತ ಇರುವ ಅಲಗು. ಬೋಟು ನೇರ ಹೋಗಲೂ ಅದು ಬೇಕು. ಇದರಲ್ಲಿ ಅಲಗು ಬುಡದಲ್ಲೇ ಕಿತ್ತುಹೋಗಿತ್ತು. ಮುರಿದ ತುಂಡನ್ನು ಹುಡುಗ ಕ್ಯಾರಿಬ್ಯಾಗಿನಲ್ಲಿ ತಂದಿದ್ದ. ಬುಡದಿಂದ ಒಂದು ಬಿರುಕು ಮೇಲಕ್ಕೆ, ಆಯಿಲ್ ಇಳಿಸುವ ಸ್ಕ್ರೂ ಕಡೆಗೆ ಹೋಗಿತ್ತು. ಅದರ ಮೇಲೆ ಎರಡು ಬಣ್ಣದ ಉಂಡೆ ಕಲಸಿ ಹಚ್ಚುವ ಸೀಲನ್ನು ಮೆತ್ತಿದ್ದರು. ಎರಡು ವಾರ ಹಾಗೇ ಓಡಿಸಿದ್ದಾರೆ. ಪಂಕದ ಒಂದು ಎಲೆ ಮಡಚಿತ್ತು.

ತುಂಡನ್ನು ಕೈಗೆ ತೆಗೆದುಕೊಂಡಾಗ ವಿಚಿತ್ರ ಅನಿಸಿತು. ಅಲಗಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ಮೂರು ಬೋಲ್ಟ್ ಹಾಕಿ ಬಿಗಿದಿದ್ದರು. ಯಾರೋ ಹಿಂದಿನವರು ಮಾಡಿದ ಗಟ್ಟಿ ಕೆಲಸ. ಪಟ್ಟಿಯ ಕೆಳಗಿನ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಉಪ್ಪುನೀರಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಒಂದಕ್ಕೊಂದು ತಾಗಿದ್ದರೆ ಅಲ್ಯುಮಿನಿಯಂ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಪಟ್ಟಿ ಮಾತ್ರ ಚೂರೂ ಬಗ್ಗಿರಲಿಲ್ಲ.

ಆಯಿಲ್

"ಕಾಕಾ, ಗೇರ್ ಆಯಿಲ್ ಯಾವಾಗ ಬದಲಿಸಿದ್ರಿ?"

"ಆಯಿಲಾ? ಪೆಟ್ರೋಲಿನ್ಯಾಗ ಕಲಸೇ ಹಾಕ್ತೀವಲ್ಲೋ."

ಈ ಮಾತು ನಾನು ಬೇರೆ ಬೋಟಿನವರಿಂದಲೂ ಕೇಳಿದ್ದೇನೆ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಬೇರೆ ಆಯಿಲ್ ತೊಟ್ಟಿ ಇಲ್ಲ. ಪೆಟ್ರೋಲ್ ಜೊತೆ ಕಲಸುವುದೇ ಆಯಿಲ್. ಹಾಗಾಗಿ ಕೆಳಗಡೆ ಇನ್ನೊಂದು ಆಯಿಲ್ ಇರಬಹುದು ಅನ್ನುವ ಯೋಚನೆಯೇ ಬರುವುದಿಲ್ಲ. ಅವರದ್ದೇನೂ ತಪ್ಪಿಲ್ಲ, ಮಾರಿದವರು ಹೇಳಬೇಕಿತ್ತು. ಮೋಟಾರು ತಂದು ನಾಲ್ಕು ವರ್ಷ, ಒಂದು ಸಲವೂ ಸ್ಕ್ರೂ ಬಿಚ್ಚಿಲ್ಲ.

ಕೆಳಗಿನ ಸ್ಕ್ರೂ ತೆಗೆದೆ. ಮೊದಲು ಸ್ವಲ್ಪ ನೀರು ಬಂತು. ಆಮೇಲೆ ಹಾಲು ಜಾಸ್ತಿಯಾದ ಚಹಾ ಥರದ್ದು, ಮಂದವಾಗಿ, ಗೊಳಗೊಳ ಅಂತ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುತ್ತಿತ್ತು. ಅಂದರೆ ಒಳಗೆ ಲೋಹ ಸವೆದಿದೆ.

ಇಲ್ಲೊಂದು ಮಾತು. ಕೆಲವು ಮೋಟಾರುಗಳಲ್ಲಿ ಆಯಿಲ್ ಸ್ಕ್ರೂ ಪಕ್ಕದಲ್ಲೇ ಸ್ಟಾರ್ ತಲೆಯ ಇನ್ನೊಂದು ಸ್ಕ್ರೂ ಇರುತ್ತದೆ. ಅದು ಆಯಿಲಿನದಲ್ಲ, ಒಳಗೆ ಗೇರ್ ಬದಲಿಸುವ ತೊಟ್ಟಿಲನ್ನು ಹಿಡಿದಿರುವ ಪಿನ್ನು. ಅದನ್ನು ಬಿಚ್ಚಿದರೆ ಒಳಗಿನದು ಕಳಚಿ ಬೀಳುತ್ತದೆ, ಇಡೀ ಕೇಸು ಬಿಚ್ಚಬೇಕಾಗುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಬಿಚ್ಚುವ ಕೆಲಸ

ಬಿಚ್ಚುವುದಕ್ಕೇ ಮೂರು ದಿನ ಹೋಯಿತು. ಕಾಲಿಗೂ ಗೇರ್ ಕೇಸಿಗೂ ನಡುವಿನ ಬೋಲ್ಟ್‌ಗಳು ಉಪ್ಪಿನಿಂದ ಕಚ್ಚಿದ್ದವು. ಸ್ಟೀಲ್ ಬೋಲ್ಟು, ಅಲ್ಯುಮಿನಿಯಂ ಗುಂಡಿ, ನಡುವೆ ಬಿಳಿ ಉಪ್ಪು. ಸಿಟ್ಟಿನಲ್ಲಿ ಪಾನಾ (ಸ್ಪ್ಯಾನರ್) ಹಾಕಿ ಎಳೆದರೆ ತಲೆ ಮುರಿಯುವುದು ಗ್ಯಾರಂಟಿ. ಸುತ್ತಲೂ ಗ್ಯಾಸ್ ಬತ್ತಿಯಿಂದ ಬಿಸಿ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಲೆಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ತಟ್ಟಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಬಿಗಿಸುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಒಂದೊಂದೇ ಬಂದವು. ಒಂದು ಮಾತ್ರ ಮುರಿಯಿತು. ಅದನ್ನು ನಡುವೆ ತೂತು ಹೊಡೆದು ತೆಗೆದು, ಗುಂಡಿಗೆ ಸ್ಟೀಲ್ ಸುರುಳಿಯ ಹೊಸ ಆಟೆ (ಥ್ರೆಡ್) ಕೂರಿಸಿದೆ.

ಪಂಕ ಬಿಚ್ಚಿದಾಗ ಎರಡನೇ ಗಟ್ಟಿ ಕೆಲಸ ಸಿಕ್ಕಿತು. ಪಂಕದ ನಡುವೆ ರಬ್ಬರ್ ಬುಷ್ ಇರುತ್ತದೆ. ಕಲ್ಲಿಗೆ ಬಡಿದಾಗ ರಬ್ಬರು ಜಾರಿ ಪೆಟ್ಟನ್ನು ತಾನು ನುಂಗಲಿ ಅಂತ. ಹಳೇದಾದ ಬುಷ್ ಸುಮ್ನೆ ಜಾರತೊಡಗುತ್ತದೆ. ಇಂಜಿನ್ ಕೂಗುತ್ತದೆ, ಬೋಟು ಹೋಗುವುದಿಲ್ಲ. ಆಗ ಬುಷ್ ಬದಲಿಸಬೇಕು. ಇಲ್ಲಿ ಯಾರೋ ಪಂಕದ ನಡುಭಾಗಕ್ಕೆ (ಹಬ್) ತೂತು ಹೊಡೆದು, ರಬ್ಬರ್ ದಾಟಿ ಒಳಗಿನ ಲೋಹದ ಕೊಳವೆಯವರೆಗೆ ಎರಡು ಬೋಲ್ಟ್ ಹೊಡೆದಿದ್ದರು. ಪಂಕ, ಶಾಫ್ಟು ಈಗ ಒಂದೇ ಗಟ್ಟಿ ತುಂಡು.

"ಇದು ನಿಮ್ಮ ಕೆಲಸ ಏನು ಕಾಕಾ?"

"ಇಲ್ಲಪಾ, ತಂದಾಗ್ಲೇ ಹಂಗಿತ್ತು. ಗಟ್ಟಿ ಐತಿ ಅಂತ ಖುಷಿ ಆಗಿದ್ವಿ."

ಪಂಕದ ಹಿಂದಿನ ವಾಷರ್ ತೆಗೆದರೆ ನೈಲಾನ್ ದಾರ. ಬಲೆಯ ದಾರ ಶಾಫ್ಟಿಗೆ ಸುತ್ತಿ ಸುತ್ತಿ, ಬಿಸಿಗೆ ಕರಗಿ ಬಳೆಯ ಹಾಗೆ ಗಟ್ಟಿಯಾಗಿತ್ತು. ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು. ಆ ಬಳೆ ಸೀಲಿನ ತುಟಿಯನ್ನು ಪೂರ್ತಿ ತಿಂದಿತ್ತು. ಬಲೆಗಳ ನಡುವೆಯೇ ಓಡಾಡುವ ಬೋಟಿಗೆ ಇದು ಆಗದೇ ಇರುವುದಿಲ್ಲ. ತಿಂಗಳಿಗೊಮ್ಮೆ ಪಂಕ ತೆಗೆದು ನೋಡಿದರೆ ಸಾಕು, ಹತ್ತು ನಿಮಿಷದ ಕೆಲಸ.

ಸೀಲು, ಬೇರಿಂಗು ಕೂತಿರುವ ಹಿಂದಿನ ಮುಚ್ಚಳ ಕಚ್ಚಿಕೊಂಡಿತ್ತು. ನೀರಿನ ಹನಿ ಹಾಕಿದರೆ ಚುರ್ ಅನ್ನುವಷ್ಟು ಕೇಸನ್ನು ಹೊರಗಿನಿಂದ ಬಿಸಿ ಮಾಡಿ, ಮುಚ್ಚಳವನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಸುತ್ತಿಸಿ, ಆಮೇಲೆ ಪುಲ್ಲರ್ ಹಾಕಿದೆ. ಬಂತು.

ಒಳಗೆ ಕಂಡದ್ದು ಇಷ್ಟು. ಮುಂದಿನ ಗೇರಿನ ಒಂದು ಹಲ್ಲಿನ ಮೂಲೆ ಚಕ್ಕೆ ಹಾರಿತ್ತು. ಪಿನಿಯನ್ನಿನ ಎಲ್ಲಾ ಹಲ್ಲಿನ ಮೇಲೂ ಸಣ್ಣ ಗೀರು, ಒಂದೇ ಥರ. ಬೇರಿಂಗಿನ ಗುಂಡುಗಳ ಮೇಲೆ ತುಕ್ಕಿನ ಗುಳಿ. ಶಾಫ್ಟಿನಲ್ಲಿ ಸೀಲು ಕೂರುವ ಕಡೆ ಉಗುರಿಗೆ ಸಿಗುವಷ್ಟು ಗೆರೆ.

ಯಾವ ಪೆಟ್ಟು ಯಾವಾಗಿನದು

ಕಾಕಾ ಹೇಳಿದ್ದು ಒಂದೇ ಪೆಟ್ಟಿನ ಕತೆ. ಕೇಸು ಹೇಳುತ್ತಿದ್ದುದು ಎರಡು.

ಬೇರಿಂಗಿನ ತುಕ್ಕು ಎರಡು ವಾರದ್ದಲ್ಲ. ಅಷ್ಟು ಆಳದ ಗುಳಿ ಬೀಳಲು ತಿಂಗಳುಗಟ್ಟಲೆ ನೀರು ನಿಂತಿರಬೇಕು. ಅಂದರೆ ಗೋಡೆಗೆ ಬಡಿಯುವುದಕ್ಕೆ ಬಹಳ ಮೊದಲೇ ನೈಲಾನ್ ದಾರ ಸೀಲು ಕೊಯ್ದು ನೀರು ಒಳಗೆ ಬರುತ್ತಿತ್ತು. ಗೋಡೆ ಸಿಗದಿದ್ದರೂ ಈ ಮೋಟಾರು ಮಳೆಗಾಲ ಮುಗಿಯುವುದರೊಳಗೆ ನಿಲ್ಲುತ್ತಿತ್ತು ಅಂತ ನನ್ನ ಅಂದಾಜು.

ಗೇರಿನದ್ದು ಬೇರೆ ಲೆಕ್ಕ. ಹಲ್ಲು ಎಣಿಸಿದೆ. ಪಿನಿಯನ್ನಿಗೆ 13, ದೊಡ್ಡ ಗೇರಿಗೆ 27. ಇಂಜಿನ್ನು ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿ ಸುತ್ತಿದರೆ ಪಂಕ ಒಂದು ಸುತ್ತು. ಈ 13, 27ರಲ್ಲಿ ಒಂದು ಜಾಣತನ ಇದೆ. ಎರಡನ್ನೂ ಸಮನಾಗಿ ಭಾಗಿಸುವ ಸಂಖ್ಯೆ ಒಂದು ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ದೊಡ್ಡ ಗೇರಿನ ಒಂದು ಹಲ್ಲು ಪಿನಿಯನ್ನಿನ ಅದೇ ಹಲ್ಲಿಗೆ ಪ್ರತಿ ಸುತ್ತೂ ಸಿಗುವುದಿಲ್ಲ, ಸರದಿಯ ಮೇಲೆ ಹದಿಮೂರಕ್ಕೂ ಸಿಗುತ್ತದೆ. ಸವೆತ ಎಲ್ಲರಿಗೂ ಹಂಚಿಹೋಗುತ್ತದೆ. ಚಲೋ ಗೇರಿಗೆ ಅದು ಒಳ್ಳೇದು. ಒಂದು ಹಲ್ಲು ಮುರಿದರೆ ಅದೇ ಶಾಪ: ಆ ಒಂದು ಹಲ್ಲು ಪಿನಿಯನ್ನಿನ ಹದಿಮೂರನ್ನೂ ಸರದಿಯಲ್ಲಿ ಗೀರುತ್ತದೆ. ಎರಡು ವಾರದ ಕರ್ ಕರ್ ಅದೇ. ಹಿಂದಿನ ಗೇರಿಗೆ ಪೆಟ್ಟಾಗಿರಲಿಲ್ಲ, ಅದಕ್ಕೇ ಹಿಂದಕ್ಕೆ ಹಾಕಿದಾಗ ಸುಮ್ಮನಿರುತ್ತಿತ್ತು.

ಹಲ್ಲು ಮುರಿದದ್ದು ಯಾಕೆ? ಗೋಡೆ ತಾಗಿದಾಗ ರಬ್ಬರ್ ಬುಷ್ ಜಾರಬೇಕಿತ್ತು. ಬೋಲ್ಟು ಜಾರಲು ಬಿಡಲಿಲ್ಲ. ಪೆಟ್ಟು ನೇರ ಗೇರಿಗೆ ಹೋಯಿತು. ಅಲಗಿನ ತುದಿ ಮುರಿದು ಅಲ್ಲಿಗೇ ಮುಗಿಯಬೇಕಿತ್ತು. ಕಬ್ಬಿಣದ ಪಟ್ಟಿ ಮುರಿಯಲು ಬಿಡಲಿಲ್ಲ. ಅಲಗು ಹಾರೆಯ ಹಾಗೆ ಕೆಲಸ ಮಾಡಿ ಬುಡವನ್ನೇ ಮೀಟಿತು, ಬಿರುಕು ಆಯಿಲ್ ಇರುವ ಹೊಟ್ಟೆಗೆ ಹೋಯಿತು. ಎರಡು ಕಡೆಯೂ ಅಗ್ಗದ ವಸ್ತುವನ್ನು ಗಟ್ಟಿ ಮಾಡಿ ದುಬಾರಿ ವಸ್ತುವನ್ನು ಮುರಿಸಿದ್ದರು. ಆ ಕೆಲಸ ಮಾಡಿದವನು ಕಳ್ಳಗೆಲಸದವನಲ್ಲ. ಪಟ್ಟಿಯನ್ನು ಅಂದವಾಗಿ ಅಲಗಿನ ಆಕಾರಕ್ಕೆ ಉಜ್ಜಿ ಕೂರಿಸಿದ್ದ. ಶ್ರದ್ಧೆಯಿಂದಲೇ ಮಾಡಿದ್ದ.

ಹೊಸ ಗೇರ್ ಕೇಸು ತರಿಸೋಣ ಅಂದರೆ ಕಾಕಾ ಮೋಟಾರಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಆಗುತ್ತಿತ್ತು. ಇಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದೆ, ಎರಡೂ ಸಿಲಿಂಡರ್ ಸಮ ಇದ್ದವು. ಮೇಲಿನದು ಚಲೋ ಇದೆ ಅಂದ ಮೇಲೆ ಕೆಳಗಿನದಕ್ಕೆ ದುಡಿಯಬಹುದು ಅಂತ ರಿಪೇರಿಗೆ ಒಪ್ಪಿಕೊಂಡೆ. ಕಂಪ್ರೆಷನ್ ಸರಿ ಇಲ್ಲದಿದ್ದರೆ ಗುಜರಿಗೆ ಹಾಕಿ ಅಂತಲೇ ಹೇಳುತ್ತಿದ್ದೆ.

ವೆಲ್ಡಿಂಗು, ಮತ್ತೆ ವೆಲ್ಡಿಂಗು

ಮೊದಲು ಬೇರಿಂಗು, ಸೀಲು, ಎಲ್ಲಾ ತೆಗೆದು ಕೇಸನ್ನು ಬರಿದು ಮಾಡಿದೆ. ಬಿರುಕು ಎಲ್ಲಿಯವರೆಗೆ ಹೋಗಿದೆ ಅಂತ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ. ಅದಕ್ಕೆ ಹಳೇ ಉಪಾಯ ಇದೆ. ಹೊರಗೆ ಸುಣ್ಣ ತೆಳ್ಳಗೆ ಬಳಿದು ಒಣಗಿಸಿದೆ. ಒಳಗಿನಿಂದ ಬಿರುಕಿನ ಮೇಲೆ ಡೀಸೆಲ್ ಸವರಿ ಚಹಾಕ್ಕೆ ಹೋಗಿ ಬಂದೆ. ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಮೂರು ಸೆಂಟಿಮೀಟರ್, ಗೆರೆ ಐದೂವರೆ. ಸ್ಕ್ರೂ ಗುಂಡಿಗೆ ಇನ್ನೊಂದು ಬೆರಳಗಲ ಬಾಕಿ.

ಬಿರುಕಿನ ಎರಡೂ ತುದಿಗೆ ಮೂರು ಎಂಎಂ ತೂತು ಹೊಡೆದೆ, ಅದು ಮುಂದೆ ಓಡಬಾರದು ಅಂತ. ಉದ್ದಕ್ಕೂ ವಿ ಆಕಾರದಲ್ಲಿ ಉಜ್ಜಿ ತೋಡಿ, ಅವತ್ತೇ ಸಂಜೆ ಗಿಣಿಗೇರಾಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಸ್ಟೀಲ್ ಫ್ಯಾಕ್ಟರಿಗಳು ಇರುವುದರಿಂದ ಆರ್ಗಾನ್ ವೆಲ್ಡಿಂಗ್ ಗೊತ್ತಿರುವವರು ಇದ್ದಾರೆ. ಅಲ್ಯುಮಿನಿಯಂಗೆ ಮಾಮೂಲಿ ವೆಲ್ಡಿಂಗ್ ನಡೆಯುವುದಿಲ್ಲ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಪೊರೆ ಒಡೆಯದಿದ್ದರೆ ಒಳಗೆ ಕರಗಿದ್ದು ಒಂದಕ್ಕೊಂದು ಸೇರುವುದಿಲ್ಲ. ಅದಕ್ಕೇ ಎಸಿ ಕರೆಂಟು, ಆರ್ಗಾನ್ ಗ್ಯಾಸು.

ವೆಲ್ಡಿಂಗ್ ಭಾಯಿ ಟಾರ್ಚ್ ಹಿಡಿದ ಮೊದಲ ನಿಮಿಷಕ್ಕೇ ಮುಖ ಸಿಂಡರಿಸಿದರು. ಕರಗಿದ ಲೋಹದ ನಡುವಿನಿಂದ ಕಪ್ಪು ಮಸಿ ಎದ್ದು ಬರುತ್ತಿತ್ತು. "ಇದು ಎಣ್ಣಿ ಕುಡದೈತ್ರಿ ಮೇಸ್ತ್ರಿ. ಇವತ್ತು ಬ್ಯಾಡ."

ನಾನು ಕೇಳಲಿಲ್ಲ. ಕಾಕಾ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು, ಆತುರ. ಹೇಗೋ ಮಾಡಿ ಕೊಡಿ ಅಂದೆ. ಮಾಡಿದರು. ಮೇಲೆ ನೋಡಲು ಚಂದ ಇತ್ತು. ತಂದು ಗಾಳಿ ತುಂಬಿ ನೀರಿಗೆ ಹಾಕಿದೆ, ವೆಲ್ಡಿಂಗ್ ಉದ್ದಕ್ಕೂ ಏಳೆಂಟು ಕಡೆ ಸಾಸಿವೆ ಕಾಳಿನಂಥ ಗುಳ್ಳೆ. ಎರಕದ ಅಲ್ಯುಮಿನಿಯಂ ಸ್ಪಂಜಿನ ಹಾಗೆ. ಇಪ್ಪತ್ತು ವರ್ಷದ ಗೇರ್ ಆಯಿಲ್ ಸಾಲದು ಅಂತ ಬಿರುಕು ಹುಡುಕಲು ನಾನೇ ಡೀಸೆಲ್ ಕುಡಿಸಿದ್ದೆ. ಇದು ನನ್ನ ಮೊದಲ ತಪ್ಪು.

ಎರಡನೇ ಸಲ ಅವಸರ ಮಾಡಲಿಲ್ಲ. ಹಳೇ ವೆಲ್ಡಿಂಗ್ ಪೂರ್ತಿ ಉಜ್ಜಿ ತೆಗೆದೆ. ಸೋಪಿನ ಬಿಸಿನೀರಿನಲ್ಲಿ ತೊಳೆದು, ಬಿಸಿ ಮಾಡಿದಾಗ ಹೊರಬಂದ ಎಣ್ಣೆಯನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ, ಮತ್ತೆ ಬಿಸಿ, ಮತ್ತೆ ಒರೆಸು. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ. ಆರು ಸಲ ಆಯಿತು. ಅಲ್ಯುಮಿನಿಯಂಗೆ ಮಾತ್ರ ಅಂತ ಬೇರೆ ಇಟ್ಟ ಸ್ಟೇನ್‌ಲೆಸ್ ಬ್ರಷ್ಷಿನಿಂದ ತಿಕ್ಕಿದೆ. ಕಬ್ಬಿಣ ತಿಕ್ಕಿದ ಬ್ರಷ್ ಆದರೆ ಕಬ್ಬಿಣದ ಪುಡಿ ಅದರೊಳಗೆ ಕೂರುತ್ತದೆ. ಭಾಯಿ 120 ಡಿಗ್ರಿ ಹತ್ತಿರ ಕೇಸನ್ನು ಬಿಸಿ ಮಾಡಿಕೊಂಡು, ಸಿಲಿಕಾನ್ ಇರುವ 4043 ತಂತಿಯಲ್ಲಿ ಚಿಕ್ಕ ಚಿಕ್ಕ ತುಂಡಾಗಿ ಹಾಕಿದರು. ಮುಗಿದ ಮೇಲೆ ಒಣ ಮರಳಿನಲ್ಲಿ ಹೂತಿಟ್ಟು ಮರುದಿನ ತೆಗೆದೆವು. ಬಿಸಿಗೆ ಗುಂಡಿ ಸೊಟ್ಟ ಆಗಿದೆಯಾ ಅಂತ ಹಿಂದಿನ ಮುಚ್ಚಳ ಕೂರಿಸಿ ನೋಡಿದೆ. ಕೈಯಲ್ಲೇ ಜಾರಿತು.

ಅಲಗಿನ ವಿಷಯಕ್ಕೆ ಭಾಯಿಗೂ ನನಗೂ ಸಣ್ಣ ಜಗಳ. ಮುರಿದ ತುಂಡನ್ನು ರಟ್ಟಿನ ಮೇಲಿಟ್ಟು ಆಕಾರ ಬರೆದುಕೊಂಡಿದ್ದೆ. ಅವರು ಹತ್ತು ಎಂಎಂ ಪ್ಲೇಟ್ ಹಾಕೋಣ, ಜನ್ಮದಲ್ಲಿ ಮುರಿಯುವುದಿಲ್ಲ ಅಂದರು. ಮುರಿಯದಿದ್ದರೇ ಕಷ್ಟ ಅಂದೆ ನಾನು. ಕಂಪನಿ ಅಲಗು ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪದ ಪ್ಲೇಟು, ತುದಿಗೆ ಇನ್ನೂ ತೆಳ್ಳಗೆ. ಅವರಿಗೆ ನಾನು ದುಡ್ಡು ಉಳಿಸುತ್ತಿದ್ದೇನೆ ಅಂತಲೇ ಅನಿಸಿತು. ಇರಲಿ.

ಗೇರು, ಸೀಲು

ಗೇರನ್ನು ಒಂಟಿಯಾಗಿ ಬದಲಿಸಬಾರದು. ಒಟ್ಟಿಗೆ ಸವೆದದ್ದು ಒಟ್ಟಿಗೇ ಇರಬೇಕು. ಮಲ್ಪೆಯ ಒಬ್ಬ ಮೆಕ್ಯಾನಿಕ್‌ಗೆ ಫೋಟೊ ಕಳಿಸಿ, ಗುಜರಿ ಮೋಟಾರಿನ ಪಿನಿಯನ್, ಮುಂದಿನ ಗೇರು ಜೋಡಿಯಾಗಿ ತರಿಸಿದೆ. ಸೀಲು, ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಪಂಕ) ಹೊಸದು. ಬಸ್ ಪಾರ್ಸೆಲ್‌ನಲ್ಲಿ ಬಂತು. ಬೇರಿಂಗು ಮಾತ್ರ ಗಂಗಾವತಿಯಲ್ಲೇ ಸಿಕ್ಕಿತು. ಅಲ್ಲಿ ರೈಸ್ ಮಿಲ್ಲುಗಳ ದೆಸೆಯಿಂದ ಬೇರಿಂಗ್ ಅಂಗಡಿಗಳಿಗೆ ಬರವಿಲ್ಲ. ಅಂಚಿನ ಮೇಲಿನ ನಂಬರ್ ಹೇಳಿದರೆ ಐದು ನಿಮಿಷದಲ್ಲಿ ಕೈಗಿಡುತ್ತಾರೆ.

ಸೀಲು ಕೂಡ ಅಲ್ಲೇ ಸಿಗುತ್ತಿತ್ತು, ಅಳತೆ ಅದೇ. ಆದರೂ ತರಿಸಿದೆ. ಸೀಲಿನ ತುಟಿಯ ಹಿಂದೆ ಕೂದಲಿನಂಥ ಸ್ಪ್ರಿಂಗ್ ಬಳೆ ಇರುತ್ತದೆ. ಬೋಟಿನ ಸೀಲಿನಲ್ಲಿ ಅದು ಸ್ಟೇನ್‌ಲೆಸ್. ಟ್ರ್ಯಾಕ್ಟರ್ ಸೀಲಿನಲ್ಲಿ ಸಾದಾ ತಂತಿ, ನೀರಿಗೆ ತುಕ್ಕು ಹಿಡಿದು ತುಂಡಾಗುತ್ತದೆ. ಇಲ್ಲಿ ಎರಡು ಸೀಲು ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತವೆ: ಒಂದರ ತುಟಿ ಒಳಗೆ ಆಯಿಲ್ ಹಿಡಿಯಲು, ಇನ್ನೊಂದರದ್ದು ಹೊರಗೆ ನೀರು ತಡೆಯಲು. ಶಾಫ್ಟಿನ ಮೇಲೆ ಹಳೇ ಗೆರೆ ಇತ್ತಲ್ಲ, ಹೊಸ ತುಟಿ ಮತ್ತೆ ಅದರ ಮೇಲೇ ಬಂದರೆ ಪ್ರಯೋಜನ ಇಲ್ಲ. ಸೀಲನ್ನು ಒಂದೂವರೆ ಎಂಎಂ ಒಳಗೆ ಜರುಗಿಸಿ ಕೂರಿಸಿದೆ. ತುಟಿಗೆ ನಯವಾದ ಹೊಸ ಜಾಗ ಸಿಕ್ಕಿತು.

ಪಂಕದ ಶಾಫ್ಟು ಬಗ್ಗಿದೆಯಾ ಅಂತ ನೋಡಲು ಅದನ್ನು ಲೇತಿನ ಎರಡು ಸೆಂಟರ್ ನಡುವೆ ಹಿಡಿದು ಡಯಲ್ ಗೇಜ್ ಇಟ್ಟೆ. ಮುಳ್ಳು ಅಲುಗಿದ್ದು ಲೆಕ್ಕಕ್ಕಿಲ್ಲ. ನನಗೆ ಆಶ್ಚರ್ಯವೇ ಆಯಿತು. ಪಂಕದ ಎಲೆ ತಟ್ಟಿ ನೇರ ಮಾಡಿದೆ, ಬೋಲ್ಟ್ ಹೊಡೆದ ಬುಷ್ ತೆಗೆಸಿ ಹೊಸ ರಬ್ಬರ್ ಬುಷ್ ಒತ್ತಿಸಿದೆ. ಕೇಸಿನಿಂದ ತೆಗೆದ ಷಿಮ್‌ಗಳನ್ನು (ಸಂದು ಸರಿಮಾಡುವ ತೆಳು ಬಿಲ್ಲೆ) ತೆಗೆದ ಕ್ರಮದಲ್ಲೇ ತಂತಿಗೆ ಪೋಣಿಸಿಟ್ಟಿದ್ದೆ. ಗೇರು ಬದಲಾದದ್ದರಿಂದ ಹಲ್ಲುಗಳ ನಡುವಿನ ಸಡಿಲ ಮತ್ತೆ ಅಳೆದು, ನೀಲಿ ಬಣ್ಣ ಹಚ್ಚಿ ತಿರುಗಿಸಿದೆ. ಗುರುತು ಹಲ್ಲಿನ ತುದಿಗೆ ಬರುತ್ತಿತ್ತು. ಒಂದು ತೆಳು ಷಿಮ್ ಸೇರಿಸಿದ ಮೇಲೆ ನಡುವಿಗೆ ಬಂತು.

ಇಂಪೆಲ್ಲರ್ ಬಗ್ಗೆ ಒಂದು ಮಾತು. ಇಂಜಿನ್ನಿಗೆ ತಣ್ಣೀರು ಏರಿಸುವ ರಬ್ಬರ್ ಪಂಕ ಅದು, ಗೇರ್ ಕೇಸಿನ ತಲೆಯ ಮೇಲೆ ಕೂರುತ್ತದೆ. ಹಳೇದರ ಎಲೆಗಳು ಸಾಣೆ ಹಿಡಿದ ಹಾಗೆ ಸವೆದಿದ್ದವು. ನಮ್ಮ ಜಲಾಶಯದ ಹೂಳು ಗೊತ್ತಲ್ಲ, 133 ಟಿಎಂಸಿ ಹತ್ತಿರ ಹಿಡಿಯುತ್ತಿದ್ದದ್ದು ಈಗ 105.788ಕ್ಕೆ ಇಳಿದಿದೆ. ಆ ಹೂಳಿನಲ್ಲಿ ಒಂದು ಪಾಲು ಈ ಸಣ್ಣ ಪಂಪಿನ ಮೂಲಕವೂ ಹೋಗುತ್ತದೆ. ದಂಡೆಯ ಹತ್ತಿರ ಕೆಸರು ಎದ್ದಲ್ಲಿ ಮೋಟಾರು ಓಡಿಸಬೇಡಿ, ಅಲ್ಲಿ ಜಲ್ಲೆ ಹಾಕಿ ಅಂತ ಹುಡುಗನಿಗೆ ಹೇಳಿದೆ.

ಗಾಳಿ, ನೀರು

ಆಯಿಲ್ ಸ್ಕ್ರೂ ಅಳತೆಯ ಒಂದು ಬೋಲ್ಟಿಗೆ ಉದ್ದಕ್ಕೆ ತೂತು ಹೊಡೆದು ಸೈಕಲ್ ಟ್ಯೂಬಿನ ವಾಲ್ವ್ ಬೆಸೆದಿಟ್ಟುಕೊಂಡಿದ್ದೇನೆ. ಅದನ್ನು ಹಾಕಿ, ಗೇಜ್ ಇರುವ ಪಂಪಿನಿಂದ ಒಂದು ಕೇಜಿ ಒತ್ತಡ ತುಂಬಿದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಚಲೋ ಸೀಲೂ ಮಗುಚಿಕೊಳ್ಳುತ್ತದೆ. ಕೇಸನ್ನು ನೀರಿನ ಡ್ರಮ್ಮಿಗೆ ಮುಳುಗಿಸಿ ಹತ್ತು ನಿಮಿಷ ನೋಡಿದೆ. ಸುಮ್ನೆ ಇಟ್ಟು ನೋಡಿದರೆ ಸಾಲದು. ಪಂಕದ ಶಾಫ್ಟು ತಿರುಗಿಸಬೇಕು, ಗೇರ್ ರಾಡ್ ಆಡಿಸಬೇಕು. ನಿಂತಾಗ ಹಿಡಿಯುವ ಸೀಲು ತಿರುಗುವಾಗ ಬಿಡಬಹುದು. ಒಂದು ಗುಳ್ಳೆಯೂ ಬರಲಿಲ್ಲ. ಮುಳ್ಳು ಇಳಿಯಲಿಲ್ಲ.

ಆಯಿಲ್ ತುಂಬುವುದು ಕೆಳಗಿನಿಂದ. ಮೇಲಿನ ಸ್ಕ್ರೂ, ಕೆಳಗಿನ ಸ್ಕ್ರೂ ಎರಡೂ ತೆಗೆದು, ಕೆಳಗಿನ ತೂತಿನಿಂದ 90 ನಂಬರ್ ಗೇರ್ ಆಯಿಲ್ ಒತ್ತುತ್ತಾ ಹೋಗಬೇಕು. ಮೇಲಿನ ತೂತಿನಲ್ಲಿ ಮೊದಲು ಗಾಳಿಯ ಗುಳ್ಳೆ, ಆಮೇಲೆ ಆಯಿಲ್ ಬರುತ್ತದೆ. ಆಗ ಮೊದಲು ಮೇಲಿನ ಸ್ಕ್ರೂ ಹಾಕಬೇಕು. ಮೇಲೆ ಮುಚ್ಚಿದ ಮೇಲೆ ಕೆಳಗೆ ಬಿಟ್ಟರೂ ಬೇಗ ಸುರಿಯುವುದಿಲ್ಲ, ಕೆಳಗಿನದನ್ನು ಹಾಕಲು ಪುರುಸೊತ್ತು ಸಿಗುತ್ತದೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬುತ್ತದೆ. 250 ಎಂಎಲ್ ಹಿಡಿಯಿತು. ಎರಡೂ ಸ್ಕ್ರೂಗೆ ಹೊಸ ವಾಷರ್.

ಕೂರಿಸಿ, ಡ್ರಮ್ಮಿನಲ್ಲಿ ಸ್ಟಾರ್ಟ್ ಮಾಡಿದೆ. ಇಂಜಿನ್ ಚಂದ ಓಡಿತು. ಆದರೆ ಹಿಂದಿನ ಸಣ್ಣ ತೂತಿನಿಂದ ಬರಬೇಕಾದ ನೀರಿನ ಪಿಚಕಾರಿ ಬರಲಿಲ್ಲ. ಕೂಡಲೇ ಬಂದ್ ಮಾಡಿದೆ. ಮತ್ತೆ ಕಾಲು ಇಳಿಸಿ ನೋಡಿದರೆ ನೀರು ಏರುವ ಕೊಳವೆ ಪಂಪಿನ ರಬ್ಬರ್ ಬಾಯಿಗೆ ಹೋಗದೆ ಪಕ್ಕಕ್ಕೆ ಒತ್ತಿ ಕೂತಿತ್ತು. ಶಾಫ್ಟಿನ ತುದಿಯ ಹಲ್ಲು (ಸ್ಪ್ಲೈನ್), ಗೇರ್ ರಾಡು, ಕೊಳವೆ, ಮೂರೂ ಒಂದೇ ಸಲ ಕೂರಬೇಕು. ಒಬ್ಬನೇ ಎತ್ತಿ ಕೂರಿಸುವ ಕೆಲಸವಲ್ಲ, ಒಬ್ಬನೇ ಮಾಡಿದ್ದೆ. ಇದು ಎರಡನೇ ತಪ್ಪು. ಹುಡುಗನನ್ನು ಕರೆದು ಟಾರ್ಚ್ ಹಿಡಿಸಿ ಕೂರಿಸಿದೆ. ಪಿಚಕಾರಿ ಬಂತು.

ಒಟ್ಟು ಹದಿನೇಳು ದಿನ ಹಿಡಿಯಿತು. ಎರಡನೇ ವೆಲ್ಡಿಂಗಿನ ದುಡ್ಡು ನಾನೇ ಹಾಕಿಕೊಂಡೆ. ಹತ್ತು ಗಂಟೆ ಓಡಿದ ಮೇಲೆ ತನ್ನಿ, ಆಯಿಲ್ ನೋಡಬೇಕು ಅಂದಿದ್ದೆ. ತಂದರು. ಬಿಳಿ ಹಾಳೆಯ ಮೇಲೆ ಎರಡು ಹನಿ ಬಿಟ್ಟೆ. ಸ್ವಲ್ಪ ಬೂದು ಬಣ್ಣ, ಹಳೇ ಗೇರುಗಳು ಹೊಸ ಮನೆಗೆ ಹೊಂದಿಕೊಂಡ ಪುಡಿ. ನೀರಿಲ್ಲ. ಆಯಿಲ್ ಬದಲಿಸಿ ಕಳಿಸಿದೆ.

ಮಳೆಗಾಲ ಕಳೆಯಿತು, ಡ್ಯಾಂ ತುಂಬಿತು, ಇಳಿಯಿತು. ಮುಂದಿನ ಮಾರ್ಚಿನಲ್ಲಿ ಕಾಕಾ ಮತ್ತೆ ಬಂದರು. ಮೋಟಾರು ಟಂಟಂನಲ್ಲೇ ಇತ್ತು, ಇಳಿಸಲೂ ಇಲ್ಲ, ಬೈಗುಳ ಶುರು.

"ಏನ್ ಕೆಲಸ ಮಾಡಿಯೋ ಮೇಸ್ತ್ರಿ. ಒಂದು ವರ್ಷಾನೂ ಬಾಳಿಕಿ ಬರ್ಲಿಲ್ಲಲ್ಲೋ."

ಅಲಗಿನ ತುದಿ ಎರಡು ಬೆರಳಿನಷ್ಟು ಮುರಿದು ಹೋಗಿತ್ತು. ಬೇರೆ ಗೋಡೆಯಂತೆ ಈ ಸಲ. ಕೇಸನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದೆ, ಹಳೇ ವೆಲ್ಡಿಂಗ್ ಹಾಗೇ ಇತ್ತು, ಬುಡದಲ್ಲಿ ಗೆರೆಯೂ ಇಲ್ಲ. ಸ್ಕ್ರೂ ತೆಗೆದೆ. ಹಾಳೆಯ ಮೇಲೆ ಬಿದ್ದ ಹನಿ ಜೇನಿನ ಬಣ್ಣ, ಆಚೆ ಬದಿಯ ಅಕ್ಷರ ಕಾಣುವಷ್ಟು ತಿಳಿ. ಗೇರ್ ಹಾಕಿ ಪಂಕವನ್ನು ಕೈಯಲ್ಲಿ ತಿರುಗಿಸಿದೆ. ಸದ್ದಿಲ್ಲ.

"ಈ ಸಲ ದಪ್ಪಂದು ಹಾಕು. ರೊಕ್ಕ ಎಷ್ಟಾಗ್ತೈತೋ ಆಗ್ಲಿ," ಅಂದರು ಕಾಕಾ.

ಗೋಡೆಯ ಮೊಳೆಗೆ ನೇತುಹಾಕಿದ್ದ ರಟ್ಟಿನ ಅಲಗನ್ನು ಇಳಿಸಿ ಧೂಳು ಕೊಡವಿದೆ. ಹುಡುಗನಿಗೆ ಚಹಾ ತರಲು ಕಳಿಸಿ, ಕಾಕಾನನ್ನು ಬೆಂಚಿನ ಮೇಲೆ ಕೂರಿಸಿ, ಅದೇ ದಪ್ಪದ ಪ್ಲೇಟು ಹುಡುಕತೊಡಗಿದೆ.